ಹುಟ್ಟಲಿರುವ ಕೂಸಿಗೆ ಇಷ್ಟಲಿಂಗ

ಲಾಸ್ಯಳ ಅಮ್ಮನ ಹೊಟ್ಟೆಯಲ್ಲಿದ್ದ ಮಗುವಿಗೆ ಹೊಕ್ಕುಳಿನ ಹತ್ತಿರ ಹೊಟ್ಟೆಯ ಗೋಡೆ ಇರಲಿಲ್ಲ. ಕರುಳು ಹೊರಗೇ ಇತ್ತು. ಸ್ಕ್ಯಾನಿಂಗ್‌ನಲ್ಲಿ ಕಂಡಿತಂತೆ.

“ಸೋಮವಾರ ಬರ್ಬೇಡಿ ಅಯ್ನೋರೇ,” ಅಂತ ಬಸಮ್ಮಜ್ಜಿ ಫೋನ್ ಇಟ್ಟಳು. ಆಗತಾನೇ ಸ್ಕೂಲಿನಿಂದ ಬಂದ ಲಾಸ್ಯ ಇನ್ನೂ ಶೂ ಬಿಚ್ಚಿರಲಿಲ್ಲ.

ಸೋಮವಾರ ಮಠದ ಅಯ್ಯನವರು ಕೆಸರೆಯಲ್ಲಿದ್ದ ಲಾಸ್ಯಳ ಮನೆಗೆ ಬಂದು, ಹುಟ್ಟುವ ಮಗುವಿನ ಹೆಸರಲ್ಲಿ ಪುಟ್ಟ ಇಷ್ಟಲಿಂಗವೊಂದನ್ನು ಅಮ್ಮನಿಗೆ ಕಟ್ಟಬೇಕಿತ್ತು. ಲಾಸ್ಯ ಹುಟ್ಟುವ ಮೊದಲೂ ಹಾಗೇ ಕಟ್ಟಿದ್ದರು.

“ಯಾಕಜ್ಜಿ ಬೇಡ ಅಂದೆ?”

“ಮೊದ್ಲು ಹುಟ್ಲಿ. ಆಮೇಲೆ ನೋಡಣ.”

ಸ್ಕ್ಯಾನಿಂಗ್ ಆದಾಗಿನಿಂದ ಮನೆ ಹೀಗೇ. ಅಮ್ಮ ಹೊಟ್ಟೆ ಸವರಿಕೊಳ್ಳುವುದನ್ನೇ ಬಿಟ್ಟಿದ್ದಳು. ಏನು ಹೆಸರಿಡೋಣ ಅಂತ ಯಾರೂ ಕೇಳುತ್ತಿರಲಿಲ್ಲ. ಲಾಸ್ಯ ಅಡುಗೆಮನೆಗೆ ಹೋದಳು, ಜಗಲಿಗೆ ಬಂದಳು, ಮತ್ತೆ ಅಡುಗೆಮನೆಗೆ ಹೋದಳು.

“ಕಾಲಿಗೇನು ಚಕ್ರ ಕಟ್ಕೊಂಡಿದ್ದೀಯಾ? ಒಂದ್ಕಡೆ ಕೂರು,” ಅಂದಳು ಅಜ್ಜಿ.

ಅಪ್ಪ ಪೇಪರ್ ಮಡಿಸಿದರು. “ಮುಂಚೆನೇ ಗೊತ್ತಾಗಿದ್ದು ಒಳ್ಳೇದಾಯ್ತು ಕಣವ್ವ. ಹುಟ್ಟಿದ ತಕ್ಷಣ ಆಪರೇಷನ್ ಮಾಡೋಕೆ ಡಾಕ್ಟ್ರು ರೆಡಿ ಇರ್ತಾರೆ.”

“ಉಳಿಯುತ್ತೆ ಅಂತ ಬರ್ಕೊಟ್ರಾ?”

“ಸುಮಾರು ಮಕ್ಕಳು ಉಳೀತಾವಂತೆ.”

“ನಮ್ ಕಾಲ್ದಲ್ಲಿ ಒಳಗೆ ಬಗ್ಗಿ ನೋಡ್ತಿರ್ಲಿಲ್ಲ. ಹೆರೋವರ್ಗೂ ನಿದ್ದೆನಾದ್ರೂ ಬರ್ತಿತ್ತು.”

ಲಾಸ್ಯಳಿಗೆ ರೇಗಿತು. “ನಂಗೆ ಮಾತ್ರ ಕಟ್ಟಿಸ್ದೆ. ಇದು ರಿಪೇರಿ ಪಾಪು ಅಂತ ನಿಂಗೆ ಬೇಡ, ಅಷ್ಟೇ.”

ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯ ಕೈ ನಿಂತಿತು.

“ನಿಮ್ಮಪ್ಪನಿಗಿಂತ ಮುಂಚೆ ಒಂದಕ್ಕೆ ಹಿಂಗೇ ಕರುಳು ಆಚೆ ಇತ್ತು ಕಣೇ. ಹುಟ್ಟೋವರ್ಗೂ ಯಾರಿಗೆ ಗೊತ್ತಿತ್ತು? ಸೂಲಗಿತ್ತಿ ಬಟ್ಟೆ ಸುತ್ತಿ ಪಕ್ಕಕ್ಕಿಟ್ಲು. ಕಟ್ಟಿಸಿದ್ ಲಿಂಗದ ಜೊತೇಲೇ ಮಣ್ಣು ಮಾಡುದ್ರು. ನಿಂಗೆ ಕಟ್ಟಿಸ್ದಾಗ ಏನೂ ಗೊತ್ತಿರ್ಲಿಲ್ಲ, ಧೈರ್ಯ ಇತ್ತು. ಈಗ ಗೊತ್ತು. ಕೈ ಬರಲ್ಲ.”

ಲಾಸ್ಯ ಅವಳ ಪಕ್ಕ ಕೂತು ಒಂದು ಕಾಯಿ ಸುಲಿದಳು. ಇನ್ನೊಂದನ್ನು ಎತ್ತಿಕೊಂಡಳು.

“ಆ ಪಾಪುಗೆ ಯಾವ ಡಾಕ್ಟ್ರೂ ಕಾಯ್ತಾ ಇರ್ಲಿಲ್ಲ ಅಲ್ವಾ ಅಜ್ಜಿ? ಇದಕ್ಕೆ ಕಾಯ್ತಾ ಇರ್ತಾರೆ.”

ಅಜ್ಜಿ ಮತ್ತೆ ಸುಲಿಯತೊಡಗಿದಳು. ಕಾಯಿ ಮುಗಿದ ಮೇಲೆ ಗದ್ದದಲ್ಲೇ ಫೋನ್ ಕಡೆ ತೋರಿಸಿದಳು.

“ಅಯ್ನೋರ ನಂಬರ್ ಒತ್ತು. ಸೋಮವಾರವೇ ಬರ್ಲಿ.”

ಲಾಸ್ಯ ಒತ್ತಿದಳು. ಆ ಕಡೆ ರಿಂಗ್ ಆಗುತ್ತಿತ್ತು.

“ಅಜ್ಜಿ, ನಿಂದು ತೀರಿಹೋಗಿದ್ದು ಅದೊಂದೇ ಪಾಪುನಾ?”

ಅಜ್ಜಿ ರಿಸೀವರ್ ಇಸಿದುಕೊಂಡಳು.

“ಮೂರು,” ಅಂದಳು. “ಎರಡು ಗಂಡು, ಒಂದು ಹೆಣ್ಣು.”