ಕೆಂಪು ಸುತ್ತು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಆಸ್ಪತ್ರೆಯ ಮ್ಯಾನೇಜರ್ ದೂರಿನ ಜೊತೆಗೆ ಅಪರಾಧಿಯನ್ನೂ ತಾವೇ ಗೊತ್ತುಮಾಡಿಕೊಂಡು ಬಂದಿದ್ದರು. ರೋಗಿಯೊಬ್ಬರ ಕಾಯಿಲೆಯ ವಿವರವಿದ್ದ ಸ್ಕ್ರೀನ್‌ಶಾಟ್ ಶುಕ್ರವಾರ ಮಧ್ಯಾಹ್ನ ಹೊರಗೆ ಹೋಗಿ ಊರೆಲ್ಲ ಹಬ್ಬಿತ್ತು. ಹೋಗಿದ್ದು ಕಣ್ಣು ಕಾಣದ ಉದ್ಯೋಗಿಯೊಬ್ಬಳ ಕಂಪ್ಯೂಟರಿನಿಂದ. ಆಸ್ಪತ್ರೆಯ ವೆಬ್‌ಸೈಟನ್ನು ಓದುವಾಗ, ಪರದೆಯ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಎಲ್ಲಿ ಎಡವುತ್ತದೆಂದು ಹುಡುಕಿ, ಆ ಪುಟದ ಸ್ಕ್ರೀನ್‌ಶಾಟ್ ತೆಗೆದು ವರದಿ ಕೊಡುವುದು ಅವಳ ಕೆಲಸ. ಮುಂದಿನ ತಿಂಗಳು ವಿಭಾಗದ ಮುಖ್ಯಸ್ಥೆಯಾಗಬೇಕಿದ್ದವಳಿಗೆ ಈಗ ಇದ್ದ ಕೆಲಸಕ್ಕೇ ಸಂಚಕಾರ ಬಂದಿತ್ತು.

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿದರು.

"ಕಣ್ಣೇ ಕಾಣದೋರು ಸ್ಕ್ರೀನ್‌ಶಾಟ್ ಹೆಂಗೆ ತೆಗೀತಾರೆ ಸಾರ್? ಎಲ್ಲಾ ನಾಟಕ ಇರ್ಬೇಕು" ಎಂದ ಕಾನ್‌ಸ್ಟೇಬಲ್.

"ಬಾಯಿ ಮುಚ್ಕೊಂಡು ಜೀಪ್ ತೆಗಿ."

ಆಸ್ಪತ್ರೆಯ ಕಚೇರಿಯಲ್ಲಿ ಅವಳು ಪ್ರಶ್ನೆಗಳಿಗೆ ಸುತ್ತಿಬಳಸದೆ ಉತ್ತರ ಕೊಟ್ಟಳು.

"ಸ್ಕ್ರೀನ್‌ಶಾಟ್ ಹೇಗೆ ತೆಗೀತೀರಮ್ಮ?"

"ಒಂದು ಕೀ ಒತ್ತಿದ್ರೆ ಇಡೀ ಪರದೆ ಬರುತ್ತೆ ಸಾರ್. ಸರಿಯಾಗಿ ಬಂದಿದೆಯಾ ಅಂತ ಒಂದು ಪ್ರೋಗ್ರಾಮ್ ಓದಿ ಹೇಳುತ್ತೆ. ತಪ್ಪೇನು ಅಂತ ನಾನು ಕೆಳಗೆ ಟೈಪ್ ಮಾಡ್ತೀನಿ. ಮುಂಚೆ ಅಕ್ಕ ನೋಡಿ ಹೇಳೋರು."

ಅಕ್ಕ ಎಂದರೆ ಪಕ್ಕದ ಮೇಜಿನ ಹಿರಿಯ ಉದ್ಯೋಗಿ. ಪೊಲೀಸರಿಗೆ ಕುರ್ಚಿ ಎಳೆದು ಹಾಕಿ, "ಪಾಪ, ಕೈತಪ್ಪಿ ಕಳಿಸಿರ್ತಾಳೆ ಬಿಡಿ ಸಾರ್" ಎಂದು ಆಕೆ ಆಗಲೇ ಕಣ್ಣೊರೆಸಿಕೊಂಡಿದ್ದಳು. ಆ ಮರುಕ ಇನ್ಸ್‌ಪೆಕ್ಟರಿಗೆ ಯಾಕೋ ಅತಿಯಾಯಿತು ಅನ್ನಿಸಿತು.

"ಶುಕ್ರವಾರ ಮಧ್ಯಾಹ್ನ ಎಲ್ಲಿದ್ರಿ?"

"ಊಟಕ್ಕೆ ಹೋಗಿದ್ದೆ. ಕಂಪ್ಯೂಟರ್ ಲಾಕ್ ಮಾಡಿರ್ಲಿಲ್ಲ, ತಪ್ಪು ನನ್ನದೇ."

"ರೋಗದ ಹೆಸರಿಗೆ ಕೆಂಪು ಸುತ್ತು ಯಾಕೆ ಹಾಕಿದ್ರಿ?"

"ಸುತ್ತಾ?"

ಊರೆಲ್ಲ ನೋಡಿದ್ದ ಆ ಸುತ್ತಿನ ಸುದ್ದಿಯನ್ನು ಅವಳಿಗೊಬ್ಬಳಿಗೆ ಯಾರೂ ಹೇಳಿರಲಿಲ್ಲ. ಅವಳ ಮುಖ ಬಾಡಿತು.

"ಅದು ಯಾರ ಕೆಲಸ ಅಂತ ಗೊತ್ತಾ?"

"ನನಗೆ ಸುತ್ತು ಹಾಕೋಕೆ ಬರಲ್ಲ ಸಾರ್" ಎಂದಳು. ಎಷ್ಟು ಕೇಳಿದರೂ ಅದರಾಚೆ ತುಟಿ ಪಿಟಕ್ಕೆನ್ನಲಿಲ್ಲ.

ಇನ್ಸ್‌ಪೆಕ್ಟರ್ ಹಳೆಯ ವರದಿಗಳನ್ನು ತೆಗೆಸಿದರು. ಕಳೆದ ವರ್ಷ ಆ ಪ್ರೋಗ್ರಾಮ್ ಬರುವವರೆಗೆ ಪ್ರತಿ ಸ್ಕ್ರೀನ್‌ಶಾಟಿನಲ್ಲೂ ತಪ್ಪಿನ ಜಾಗಕ್ಕೆ ಅದೇ ಕೆಂಪು ಸುತ್ತು. ಆಮೇಲಿನವುಗಳಲ್ಲಿ ಒಂದೂ ಇಲ್ಲ. ಅವಳ ಮೇಜಿನ ಮೇಲೆ ಸುತ್ತು ಎಳೆಯಲು ಮೌಸೂ ಇರಲಿಲ್ಲ; ಪರದೆಯ ಮೇಲಿನ ಕಾಣದ ಬಾಣವನ್ನು ಓಡಿಸಿ ಅವಳಿಗೇನಾಗಬೇಕು? ಆದರೆ ಶುಕ್ರವಾರ ಒಂದೂ ಇಪ್ಪತ್ತಕ್ಕೆ ಆ ಕಂಪ್ಯೂಟರಿಗೆ ಮೌಸ್ ಜೋಡಿಸಿದ್ದು, ಅದು ಯಾವ ಮಾದರಿಯದೆಂಬುದರ ಸಮೇತ, ಕಂಪ್ಯೂಟರಿನ ದಾಖಲೆಯಲ್ಲಿತ್ತು. ಅಂಥ ಮೌಸ್ ಇಡೀ ಕಚೇರಿಯಲ್ಲಿ ಒಂದೇ, ಅಕ್ಕನದು. ಸಾಕ್ಷಿಗಳ ಮುಂದೆ ಪಂಚನಾಮೆ ನಡೆಸಿ ಮೌಸ್ ವಶಪಡಿಸಿಕೊಂಡರು.

"ಶುಕ್ರವಾರ ಎಲ್ಲರ ಜೊತೆ ನೀವ್ಯಾಕೆ ಊಟಕ್ಕೆ ಹೋಗ್ಲಿಲ್ಲ?" ಎಂದು ಇನ್ಸ್‌ಪೆಕ್ಟರ್ ಅಕ್ಕನನ್ನು ಕೇಳಿದರು.

"ಹಸಿವಿರ್ಲಿಲ್ಲ."

"ನಿಮ್ಮ ಮೌಸ್ ಆ ಮೇಜಿಗೆ ಯಾಕೆ ಹೋಯ್ತು?"

ಅಕ್ಕನ ಸಹನೆಯ ಕಟ್ಟೆ ಒಡೆಯಿತು. "ದಿನಕ್ಕೆ ಇಪ್ಪತ್ತು ಸಲ 'ಅಕ್ಕಾ, ನೋಡಿ' ಅನ್ನೋಳು ಸಾರ್! ಆ ಹಾಳು ಪ್ರೋಗ್ರಾಮ್ ಬಂದ್ಮೇಲೆ ನಾನು ಇದೀನೋ ಸತ್ತಿದೀನೋ ಕೇಳ್ಲಿಲ್ಲ. ಈಗ ನನ್ನ ತಲೆ ಮೇಲೇ ಕೂರ್ತಾಳಂತೆ!"

"ಸುತ್ತು ಯಾಕೆ ಹಾಕಿದ್ರಿ?"

"ಸ್ಕ್ರೀನ್‌ಶಾಟ್ ತೆಗೆದ ಮೇಲೆ ಸುತ್ತು ಹಾಕದೆ ಬಿಟ್ಟೋಳೇ ಅಲ್ಲ ನಾನು. ಕೈ ತಾನಾಗೇ ಹಾಕ್ಬಿಡ್ತು."

ಸಂಜೆ ಐದಕ್ಕೆ ಬಂಧನವಾಯಿತು. ಕೃತ್ಯದ ಕಾರಣ 'ಅಸೂಯೆ' ಎಂದು ಬರೆದುಕೊಂಡ ಇನ್ಸ್‌ಪೆಕ್ಟರಿಗೆ ಆ ಪದ ಸಾಲದೆನಿಸಿತು. ಬೇರೆ ಪದವೂ ಹೊಳೆಯಲಿಲ್ಲ.

ಜೀಪು ಹತ್ತುವಾಗ ಅಕ್ಕ ತಿರುಗಿ ನಿಂತಳು. "ನನ್ನ ಹೆಸರು ಹೇಳಿದ್ದು ಅವಳೇನಾ ಸಾರ್?"

"ಇಲ್ಲ. ಎಷ್ಟು ಕೇಳಿದ್ರೂ ಹೇಳ್ಲಿಲ್ಲ."

ಅಕ್ಕನ ಮುಖ ಒಂದು ಗಳಿಗೆ ಮೆತ್ತಗಾಗಿ ಮತ್ತೆ ಬಿಗಿಯಿತು.

"ಇಷ್ಟಾದ್ರೂ 'ಅಕ್ಕಾ' ಅಂತ ಒಂದ್ಸಲ ನನ್ನ ಕರೀಲಿಲ್ಲ ನೋಡಿ."