ತೋಳ ಎನ್ನದ ದನಿ

ತೆರೆಯ ಮೇಲೆ ‘ತೋಳ’ ಎಂಬ ಪದ ಹಳದಿಯಾಗಿ ಮಿನುಗಿತು. ಕಿವಿಗೆ ಮಾತ್ರ ‘ಊಳಿಡುವವನು’ ಎಂದು ಕೇಳಿಸಿತು. ನಾನು ಮತ್ತೆ ಹಾಕಿ ಕೇಳಿದೆ. ಊಳಿಡುವವನೇ.

ನಮ್ಮದು ಮಕ್ಕಳಿಗೆ ಓದು ಕಲಿಸುವ ಆನ್‌ಲೈನ್ ಪುಸ್ತಕಮನೆ. ಕಿರ್ಗಿಜ್ ಕತೆಗಳನ್ನು ಯಾರು ಬೇಕಾದರೂ ಬಿಟ್ಟಿಯಾಗಿ ತೆರೆದು ಓದಬಹುದು, ಕೇಳಬಹುದು. ದನಿ ಯಾವ ಪದ ಹೇಳುತ್ತದೋ ಆ ಪದ ಹಳದಿಯಾಗುತ್ತದೆ, ಮಗು ಅದರ ಮೇಲೆ ಬೆರಳಿಟ್ಟುಕೊಂಡು ಹಿಂದೆಯೇ ಹೋಗುತ್ತದೆ. ಊರೂರಿನ ಟೀಚರುಗಳು ತಮ್ಮ ಫೋನಿನಲ್ಲೇ ಓದಿ ಕಳಿಸುತ್ತಾರೆ. ರಾಜಧಾನಿ ಬಿಷ್ಕೆಕ್‌ನ ಆಫೀಸಿನಲ್ಲಿ ಕೂತು ದನಿಗೂ ಪದಕ್ಕೂ ಗಂಟು ಹಾಕುವುದು ನನ್ನ ಕೆಲಸ.

ಅತ್-ಬಾಶಿ ಊರಿನ ಜಿಪಾರ ಟೀಚರ್ ಕಳಿಸಿದ ಮೊದಲ ಕತೆಗಳೆಲ್ಲ ಕುದುರೆಮರಿ, ಮೇಕೆಗಳವು. ಆ ದನಿ ಕೇಳಿದಂದೇ ನಾನು ಕೆಟ್ಟೆ. ವಾಕ್ಯ ಶುರುಮಾಡುವ ಮುಂಚೆ ಒಂದು ಸಣ್ಣ ಉಸಿರು ಎಳೆದುಕೊಳ್ಳುತ್ತಿದ್ದಳು. ಅದನ್ನು ಕತ್ತರಿಸಬೇಕಿತ್ತು, ಕತ್ತರಿಸಲು ಮನಸ್ಸು ಬರಲಿಲ್ಲ. ನಗುವಾಗ ಕಣ್ಣು ಮುಚ್ಚುತ್ತಾಳೆಯೇ? ಚಹಾಕ್ಕೆ ಹಾಲು ಹಾಕುತ್ತಾಳೆಯೇ? ಮಕ್ಕಳು ಗಲಾಟೆ ಮಾಡಿದರೆ ಗದರುತ್ತಾಳೆಯೇ? ದಿನಕ್ಕೊಂದು ಪ್ರಶ್ನೆ ಹುಟ್ಟುತ್ತಿತ್ತು, ಉತ್ತರ ಹೇಳುವವರು ಯಾರೂ ಇರಲಿಲ್ಲ.

ಈಗ ತೋಳನ ಕತೆ ಬಂದಿತ್ತು. ನಮ್ಮಲ್ಲಿ ಸೊಸೆಯಾದವಳು ಗಂಡನ ಮನೆಯ ಹಿರಿಯರ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಾವನ ಹೆಸರಿನಲ್ಲಿ ತೋಳವಿದ್ದರೆ ಬೆಟ್ಟದ ತೋಳಕ್ಕೂ ಬೇರೆ ಹೆಸರು ಹುಡುಕುತ್ತಾಳೆ. ಅಂದರೆ ಇವಳು ಯಾರದೋ ಮನೆಯ ಸೊಸೆ. ನನ್ನ ಪ್ರಶ್ನೆಗಳಿಗೆಲ್ಲ ಒಟ್ಟಿಗೇ ಉತ್ತರ ಸಿಕ್ಕಂತಾಯಿತು.

ನಮ್ಮ ಮುಖ್ಯಸ್ಥೆ ತಾಜಿಗುಲ್ ಮೇಡಂಗೆ ಬೇರೆಯದೇ ಚಿಂತೆ. “ಮಕ್ಳು ಒಂದು ನೋಡಿ ಇನ್ನೊಂದು ಕೇಳಿಸ್ಕೊಂಡ್ರೆ ಓದು ಕಲಿಯೋದು ಹೇಗೋ ಇಲ್ಗಿಜ್? ತಿದ್ದಿಸು. ಆಗಲ್ಲ ಅಂದ್ರೆ ಅವಳ ಕತೆಗಳನ್ನೆಲ್ಲ ತೆಗ್ದು ಬೇರೆಯವರ ಕೈಲಿ ಓದಿಸು.”

ಮದುವೆಯಾದವಳೇ ಇರಲಿ, ಆ ದನಿಯೂ ಹೋಗಿಬಿಟ್ಟರೆ ನನಗೇನು ಉಳಿಯಿತು? ಫೋನ್ ಮಾಡಿದೆ.

“ಸಲಾಮ್ ಅಕ್ಕ. ಪುಸ್ತಕಮನೆಯಿಂದ ಇಲ್ಗಿಜ್. ಆ ತೋಳನ ಕತೆ ಇನ್ನೊಂದ್ಸಲ ಓದಿ ಕಳಿಸ್ತೀರಾ? ಮಾವನವರು ಮನೇಲಿಲ್ಲದಾಗ...”

ಆ ಕಡೆಯಿಂದ ಅದೇ ಸಣ್ಣ ಉಸಿರು.

“ಮಾವನವರಾ?”

“ತಪ್ಪು ತಿಳ್ಕೋಬೇಡಿ ಅಕ್ಕ. ನಮ್ಮಮ್ಮನೂ ಹೀಗೇನೆ.”

“ನಾನೂ ಪ್ರಯತ್ನ ಪಟ್ಟೆ. ನಾಲಿಗೆ ಹೊರಳಲ್ಲ. ನೀವೇ ಬಂದು ಹೊರಳಿಸಿ.” ನಗು ಅದುಮಿಟ್ಟುಕೊಂಡ ದನಿ.

“ಅಷ್ಟು ದೂರಾನಾ?”

“ನನ್ನ ದನಿ ಅಲ್ಲೀವರೆಗೂ ಬರುತ್ತೆ, ನಿಮಗೆ ಇಲ್ಲೀವರೆಗೆ ಬರೋಕಾಗಲ್ವಾ?”

ಒಳ್ಳೆಯ ಮೈಕು ಒಯ್ಯುತ್ತಿದ್ದೇನೆ ಎಂದು ಆಫೀಸಿನಲ್ಲಿ ಹೇಳಿ ಹೊರಟೆ. ಅವಳನ್ನೊಮ್ಮೆ ನೋಡಿ, ಮನಸ್ಸಿಗೆ ಬುದ್ಧಿ ಹೇಳಿ ಬರೋಣ ಎಂದುಕೊಂಡಿದ್ದೆ.

ಬಾಗಿಲು ತೆರೆದವಳ ತಲೆಯ ಮೇಲೆ ಮದುವೆಯಾದವರು ಕಟ್ಟುವ ವಸ್ತ್ರವಿರಲಿಲ್ಲ. ಉದ್ದ ಜಡೆ, ಮೊಣಕೈವರೆಗೆ ಹಿಟ್ಟು. ನನ್ನನ್ನು ಮೇಲಿಂದ ಕೆಳಗೆ ನೋಡಿ ಕಣ್ಣು ಕಿರಿದು ಮಾಡಿ ನಕ್ಕಳು. ನಗುವಾಗ ಕಣ್ಣು ಪೂರ್ತಿ ಮುಚ್ಚುತ್ತವೆ ಎಂದು ಆಗ ಗೊತ್ತಾಯಿತು.

ಒಳಗಿನಿಂದ ಮುದುಕಿಯೊಬ್ಬರ ಗಟ್ಟಿ ದನಿ: “ಇವನೇ ಏನೇ, ಫೋನಲ್ಲೇ ನಿನಗೆ ಮದುವೆ ಮಾಡಿಸಿದೋನು?”

ನನ್ನ ಕಿವಿಯೆಲ್ಲ ಬಿಸಿಯಾಯಿತು.

“ನಮ್ಮಜ್ಜಿ,” ಎಂದಳು ಜಿಪಾರ. “ಅಪ್ಪ ಅಮ್ಮ ದುಡಿಯೋಕೆ ಮಾಸ್ಕೋಗೆ ಹೋದ್ರು, ನನಗೆ ಮಾತು ಕಲಿಸಿದ್ದು ಇವರೇ. ಇವರ ಮಾವನ ಹೆಸರಲ್ಲಿ ಅದು ಇದೆ. ಅಜ್ಜಿ ಬಾಯಲ್ಲಿ ಒಂದು ದಿನಾನೂ ಬರದ ಪದ ನನ್ನ ಬಾಯಲ್ಲಿ ಎಲ್ಲಿಂದ ಬರಬೇಕು?”

“ನಾನು ಆ ಮನೆ ಸೊಸೆ. ನೀನು ಆ ಮನೆ ಕುಡಿ, ನಿನಗೇನೇ ಧಾಡಿ? ಹೇಳು!” ಎಂದರು ಅಜ್ಜಿ.

“ನಿನ್ನೆದುರು ನಾಚಿಕೆ ಆಗುತ್ತಜ್ಜಿ.”

“ಹಾಗಾದ್ರೆ ತಗೋ.” ಅಜ್ಜಿ ತಲೆವಸ್ತ್ರದ ಮೇಲೆ ಎರಡೂ ಅಂಗೈ ಒತ್ತಿ ಕಿವಿ ಮುಚ್ಚಿಕೊಂಡರು. ನಾನು ಮೈಕು ಹಿಡಿದೆ. ಜಿಪಾರ ನನ್ನ ಕಣ್ಣನ್ನೇ ನೋಡುತ್ತಾ, ಕೆಂಪಾಗುತ್ತಾ, “ತೋಳ” ಎಂದಳು.

“ಆಯ್ತೇನೇ?” ಎಂದು ಅಜ್ಜಿ ಕೂಗಿದರು. ಅದೂ ರೆಕಾರ್ಡ್ ಆಯಿತು. ಮತ್ತೆ ಮೊದಲಿಂದ ಓದಬೇಕಾಯಿತು, ನನಗೆ ಬೇಸರವೇನೂ ಆಗಲಿಲ್ಲ.

ಆಮೇಲೆ ಕರಿದ ಬೋರ್ಸೋಕ್ ರೊಟ್ಟಿ, ಕೆನೆ, ಹಾಲು ಹಾಕಿದ ಚಹಾ. ಬಟ್ಟಲು ಅರ್ಧಕ್ಕಷ್ಟೇ ತುಂಬಿಸಿ ಕೊಟ್ಟಳು. ಪೂರ್ತಿ ತುಂಬಿಸಿದ್ದರೆ ಕುಡಿದು ಹೊರಡು ಎಂದಂತೆ. ನನ್ನ ಬಟ್ಟಲು ಮತ್ತೆ ಮತ್ತೆ ಅರ್ಧಕ್ಕೇ ತುಂಬಿತು.

“ನಿಮ್ಮಪ್ಪನ ಹೆಸರೇನು?” ಕೇಳಿದಳು.

“ಅರ್ಸ್ತಾನ್.”

“ಅಯ್ಯೋ, ಸಿಂಹ! ಪಾಪ, ನಿಮ್ಮನೆಗೆ ಬರೋ ಸೊಸೆ ಮಕ್ಕಳಿಗೆ ಮೃಗಾಲಯ ತೋರಿಸೋದು ಹೇಗೆ?”

ಅಜ್ಜಿ ಬೋರ್ಸೋಕ್ ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಏನಾದರೂ ಹೇಳಬೇಕಿತ್ತು. “ಕೆನೆ ಚೆನ್ನಾಗಿದೆ,” ಎಂದೆ.

ಮಿನಿಬಸ್ ತನಕ ಬಂದವಳು ಕೇಳಿದಳು, “ಇನ್ನಾದ್ರೂ ಅಕ್ಕ ಅನ್ನೋದು ಬಿಡ್ತೀರಾ?”

“ಏನನ್ನಲಿ?”

“ಅದನ್ನೂ ನಾನೇ ಹೇಳ್ಕೊಡಬೇಕಾ? ನನ್ನ ಒಂದನೇ ಕ್ಲಾಸಿನ ಮಕ್ಳೇ ವಾಸಿ.”

ಬಸ್ಸು ಹೊರಟಿತು. ಆಮೇಲೆ ಫೋನಿನಲ್ಲಿ ಅಕ್ಷರದ ಗಾತ್ರ, ಚಿತ್ರದ ಬಣ್ಣ, ಮಕ್ಕಳು ಎಲ್ಲಿ ಎಡವುತ್ತಾರೆ ಎಂಬುದನ್ನೆಲ್ಲ ಮಾತಾಡಿದೆವು. ಮಾತಾಡಬೇಕಾದ್ದೊಂದನ್ನು ಬಿಟ್ಟು. ಅವಳು ಸಾಕಾಗಿ ಸುಮ್ಮನಾದರೆ ಎಂಬ ಭಯ ಹತ್ತಿತ್ತು, ಆದರೂ ನಾನು ಬಾಯಿ ಬಿಡಲಿಲ್ಲ.

ಹುಲ್ಲು ಕೊಯ್ಯುವ ಕಾಲ ಬಂತು. ಅವಳಿಂದ ಹೊಸ ಕತೆ ಬಂತು. ನೆಗಡಿ ಹಿಡಿದ ಸಿಂಹದ ಕತೆ. ಹೆಡ್‌ಫೋನ್ ಹಾಕಿಕೊಂಡೆ. ತೆರೆಯ ಮೇಲೆ: ‘ಸಿಂಹಕ್ಕೆ ನೆಗಡಿಯಾಗಿತ್ತು.’

ಕಿವಿಯಲ್ಲಿ ಸಣ್ಣ ಉಸಿರು, ಆಮೇಲೆ ಜಿಪಾರಳ ದನಿ: “ಕೇಸರದ ದೊಡ್ಡವರಿಗೆ ನೆಗಡಿಯಾಗಿತ್ತು.”

ಓದು ತಪ್ಪಿದಳೇ ಎಂದುಕೊಂಡೆ. ಮುಂದಿನ ಪುಟದಲ್ಲೂ ಕೇಸರದ ದೊಡ್ಡವರು ಸೀನಿದರು. ಅದರ ಮುಂದಿನ ಪುಟದಲ್ಲೂ ಒಮ್ಮೆಯೂ ಸಿಂಹ ಎನ್ನಲಿಲ್ಲ. ಆಗ ನನ್ನ ದಡ್ಡ ತಲೆಗೆ ಹೊಳೆಯಿತು. ಅದು ನನ್ನ ಅಪ್ಪನ ಹೆಸರು.

ತಕ್ಷಣ ಫೋನ್ ಮಾಡಿದೆ. “ಜಿಪಾರ, ಒಂದು ಪದ ತಪ್ಪಿದೆ.”

“ಇಲ್ಲ, ತಪ್ಪಿಲ್ಲ.”

“ತೆರೆ ಮೇಲೆ ಬೇರೆ ಇದೆ.”

“ತೆರೆ ಮೇಲಿರೋದನ್ನ ನಾನಿನ್ನು ಹೇಳೋ ಹಾಗಿಲ್ಲ.” ದನಿಯಲ್ಲಿ ಈಗ ನಗುವಿರಲಿಲ್ಲ. “ನಿಮಗೆ ಇಷ್ಟ ಇಲ್ಲ ಅಂದ್ರೆ ಹೇಳಿಬಿಡಿ. ಈಗಲೇ ಗಟ್ಟಿಯಾಗಿ ಹೇಳ್ತೀನಿ, ಇಡೀ ಅತ್-ಬಾಶಿಗೆ ಕೇಳೋ ಹಾಗೆ.”

“ಬೇಡ!” ಕುರ್ಚಿಯಿಂದ ಎದ್ದೇಬಿಟ್ಟೆ. “ಹೇಳಬೇಡ ಜಿಪಾರ. ಯಾವತ್ತೂ ಹೇಳಬೇಡ. ನಿನ್ನ ಬಿಟ್ಟು ನನಗೆ ಬೇರೆ ಯೋಚನೇನೇ ಇಲ್ಲ. ಮೊದಲ ಕತೆಯಿಂದಾನೂ ಇಲ್ಲ.”

ಪಕ್ಕದ ಮೇಜಿನಿಂದ ತಾಜಿಗುಲ್ ಮೇಡಂ ಕನ್ನಡಕ ತೆಗೆದು ನೋಡಿದರು.

ಆ ಕಡೆ ಮತ್ತೆ ಅದೇ ಸಣ್ಣ ಉಸಿರು. ಅವಳೊಳಗಿನ ಟೀಚರ್ ಕೇಳಿದಳು, “ಮತ್ತೆ ಮಕ್ಳು? ಅವರು ಓದೋದು ಹೇಗೆ?”

“ಆ ಪದ ಬಂದಾಗ ನಾನು ಓದ್ತೀನಿ.”

ಹಾಗಾಗಿ ಈಗ ಆ ಕತೆಯನ್ನು ತೆರೆದರೆ ಹೆಣ್ಣುದನಿಯೊಂದು ಓದುತ್ತಾ ಹೋಗುತ್ತದೆ. ಸಿಂಹ ಬಂದಾಗ ಮಾತ್ರ ಅವಳು ನಿಲ್ಲುತ್ತಾಳೆ, ಗಂಡುದನಿಯೊಂದು ಆ ಒಂದು ಪದ ಹೇಳಿ ಸುಮ್ಮನಾಗುತ್ತದೆ. ಕತೆ ಮುಂದುವರಿಯುತ್ತದೆ. ಪದಕ್ಕೆ ದನಿ ಸರಿಯಾಗಿ ಕೂತಿದೆ ಎಂದು ಮೇಡಂ ಒಪ್ಪಿಕೊಂಡರು.

ಅಜ್ಜಿ ಮಾತ್ರ ಫೋನನ್ನು ಕಿವಿಗೆ ಹಿಡಿದು ಪೂರ್ತಿ ಕೇಳಿ ಹೇಳಿದರಂತೆ: “ಅಲ್ವೇ, ಒಂದೇ ಒಂದು ಪದ ಓದೋಕೆ ಈ ಹುಡುಗ ಇಷ್ಟು ನಡುಗ್ತಾನಲ್ಲೇ!”