ಮೈಲಿಗಲ್ಲಿನ ಪಕ್ಕದ ಹಸಿರು ಕೊಡ

"ಹತ್ತಮ್ಮಾ, ಬೇಗ ಹತ್ತು! ಎಷ್ಟಾವೆ?"

ಹಾಲಿನ ಟೆಂಪೋ ಕದಿರಮ್ಮನ ಪಕ್ಕದಲ್ಲೇ ಕಿರ್ರೆಂದು ನಿಂತಿತು. ಹಿಂದೆ ಖಾಲಿ ಕ್ಯಾನುಗಳು ಒಂದಕ್ಕೊಂದು ಬಡಿದುಕೊಂಡವು. ಡ್ರೈವರ್ ಎಡಗಡೆಯ ಬಾಗಿಲು ತೆರೆದು ಕೈ ಚಾಚಿದ್ದ.

ಅವಳಿಗೆ ಉಸಿರೇ ಸಿಗುತ್ತಿರಲಿಲ್ಲ. "ಏನು... ಎಷ್ಟು?"

"ಆನೆ! ಒಂಟಿನಾ, ಹಿಂಡಾ?"

"ಆನೆ ಇಲ್ಲ."

"ಮತ್ತೆ ಯಾರಮ್ಮ ಅಟ್ಟಿಸ್ಕೊಂಡ್ ಬತ್ತಿರೋದು?"

"ಯಾರೂ ಇಲ್ಲ. ನಾನೇ ಓಡ್ತಾ ಇವ್ನಿ."

ಅವನು ರಸ್ತೆಯ ಹಿಂದಕ್ಕೂ ಮುಂದಕ್ಕೂ ನೋಡಿದ. ಡೆಂಕಣಿಕೋಟೆ ರಸ್ತೆಯಲ್ಲಿ ಬೆಳಗಿನ ಜಾವ ಯಾರಾದರೂ ಓಡುತ್ತಿದ್ದರೆ ಅವರ ಹಿಂದೆ ಆನೆ ಇರಬೇಕು, ಇಲ್ಲವೇ ಮುಂದೆ ಬಸ್ಸು ಇರಬೇಕು. ಇಲ್ಲಿ ಎರಡೂ ಇರಲಿಲ್ಲ. ಸೀರೆಯನ್ನು ಎತ್ತಿ ಕಟ್ಟಿ, ಮೇಲೆ ಕಂಪನಿಯ ನೀಲಿ ಅಂಗಿ ತೊಟ್ಟು, ಹೊಸ ಕ್ಯಾನ್ವಾಸ್ ಶೂ ಹಾಕಿದ್ದ ಒಬ್ಬ ಹೆಂಗಸು ಮಾತ್ರ ಇದ್ದಳು.

"ಸುಮ್‌ಸುಮ್ನೆ ಓಡ್ತಿದೀಯಾ? ಈ ವಯಸ್ನಾಗಾ, ಅಕ್ಕ?"

ಕದಿರಮ್ಮನಿಗೆ ಮೈಯೆಲ್ಲ ಉರಿಯಿತು. "ನಿಮ್ ಟೆಂಪೋಗೆ ವಯಸ್ಸೆಷ್ಟು? ಅದು ಓಡ್ತಿಲ್ವಾ?"

"ಅದನ್ನ ದಿನಾ ಬೆಳಿಗ್ಗೆ ಇಬ್ರು ತಳ್ತಾರೆ ಕಣಮ್ಮ."

ಅವನು ನಗದೆ ಹೇಳಿದ. ಅವಳಿಗೆ ನಗು ಬಂತು. ನಗಬಾರದೆಂದು ಮುಖ ತಿರುಗಿಸಿ ಮತ್ತೆ ಓಡತೊಡಗಿದಳು...

*

ಕದಿರಮ್ಮನಿಗೆ ನಲವತ್ತಮೂರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ತಮ್ಮ ರಾಜೇಶ್ ಮತ್ತು ಅವನ ಹೆಂಡತಿ ಕೋಮಲಾ ಜೊತೆ ಇದ್ದಳು. ಹೊಸೂರಿನಲ್ಲಿ ಮೋಟಾರ್ ಬೈಕಿನ ಕೇಬಲ್ ಮಾಡುವ ಕಂಪನಿಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ.

ಆ ವರ್ಷ ಹೊಸೂರಿನ ಕಾರ್ಖಾನೆಗಳೆಲ್ಲ ಸೇರಿ ಆಗಸ್ಟ್ ಹದಿನೈದಕ್ಕೆ ಒಂದು ಓಟ ಇಟ್ಟಿದ್ದವು. ಹೊಸೂರಿನಿಂದ ಸೂಳಗಿರಿ ದಾಟಿ ಕೃಷ್ಣಗಿರಿಗೆ, ಐವತ್ತು ಕಿಲೋಮೀಟರ್. ಕ್ಯಾಂಟೀನಿನ ಗೋಡೆಯ ಮೇಲೆ ನೋಟೀಸ್ ಅಂಟಿಸಿದಾಗ ಸೂಪರ್‌ವೈಸರ್ ಅವಳಿಗೆ, "ಕದಿರಮ್ಮಕ್ಕ, ಅವತ್ತು ನೀವು ಬಿಸ್ಕತ್ ಹಂಚೋಕೆ ಬನ್ನಿ" ಎಂದಿದ್ದ. ಅವಳು ಪೆನ್ನು ಕೇಳಿ ತನ್ನ ಹೆಸರು ಬರೆದಳು.

ಸಿಟ್ಟು ಎರಡು ದಿನಕ್ಕೆ ಇಳಿಯಿತು. ಆದರೆ ಹೆಸರು ಅಳಿಸಲು ಮನಸ್ಸಾಗಲಿಲ್ಲ.

ಕೃಷ್ಣಗಿರಿ ಜಿಲ್ಲೆಯಾದ ಮೇಲೆ ಅವಳು ಅಲ್ಲಿಗೆ ಹೋದದ್ದೆಲ್ಲ ಕಚೇರಿಗಳ ಬಾಗಿಲಲ್ಲಿ ನಿಲ್ಲುವುದಕ್ಕೆ. ವಿಧವಾ ಪಿಂಚಣಿಗೆ, ಗಂಡನ ಮರಣ ಪ್ರಮಾಣಪತ್ರಕ್ಕೆ. ಪ್ರತಿ ಸಲವೂ 'ನಾಳೆ ಬಾ'. 'ಒಂದು ಸಲ... ಒಂದೇ ಸಲ, ಯಾರ ಹತ್ತಿರವೂ ಏನೂ ಕೇಳದೆ ಆ ಊರಿಗೆ ಹೋಗಬೇಕು. ನನ್ನ ಕಾಲ ಮೇಲೆ ಹೋಗಬೇಕು.' ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ನಗುತ್ತಾರೆಂದು ಗೊತ್ತಿತ್ತು.

ಮೊದಲ ವಾರ ಮಂಡಿ ಊದಿತು. ಎರಡನೇ ವಾರ ಎರಡು ಕಾಲ್ಬೆರಳಿನ ಉಗುರು ಕಪ್ಪಾದವು. ಕಂಪನಿಯ ಬಸ್ಸು ಬರುವ ಮುಂಚೆ ಓಡಿ ಬಂದು, ಸ್ನಾನ ಮಾಡಿ, ರಾಗಿ ಮುದ್ದೆ ಕಟ್ಟಿಕೊಂಡು ಓಡಬೇಕಿತ್ತು. ಮೈಲಿಗಲ್ಲು ಮುಟ್ಟಿ ಹಿಂದಿರುಗುವುದು ಅವಳ ಪದ್ಧತಿ. ಮೈ ಒಗ್ಗಿದಂತೆ ಮುಂದಿನ ಕಲ್ಲು.

ದಾರಿಯಲ್ಲಿ ಆ ಟೆಂಪೋ ದಿನವೂ ಎದುರಾಗುತ್ತಿತ್ತು. ಡ್ರೈವರ್ ಹೆಸರು ಸೊಣ್ಣಪ್ಪ. ತಂಗಿಯರ ಮದುವೆ ಮುಗಿಸುವ ಹೊತ್ತಿಗೆ ಅವನ ಮದುವೆಯ ವಯಸ್ಸು ಮುಗಿದಿತ್ತು. ಹೆಣ್ಣು ಕೊಡುವವರು ಟೆಂಪೋ ನೋಡಿ ಬರುತ್ತಿದ್ದರು, ಅದು ಬಾಡಿಗೆಯದೆಂದು ತಿಳಿದು ಹೋಗುತ್ತಿದ್ದರು.

"ಇವತ್ತೆಷ್ಟು ಆನೆ?" ಎಂದು ಅವನು ಕಿಟಕಿಯಿಂದ ಕೂಗುತ್ತಿದ್ದ.

"ಐದು! ನಿಮ್ ಕಡೇನೇ ಬತ್ತಾವೆ, ಓಡಿ!"

ಅಷ್ಟೇ ಮಾತು. ಆದರೆ ಆ ಮಾತು ಆಡಿದ ದಿನ ವಾಪಸಿನ ದಾರಿ ಕಡಿಮೆ ಅನಿಸುತ್ತಿತ್ತು. ಯಾಕೆಂದು ಅವಳು ಯೋಚಿಸಲು ಹೋಗಲಿಲ್ಲ.

ಮಾರ್ಚ್ ಬಂತು. ಬಿಸಿಲು ಏರಿತು. ಒಂದು ಬೆಳಿಗ್ಗೆ ಅವಳು ತಿರುಗುವ ಕಲ್ಲಿನ ಪಕ್ಕ ಒಂದು ಹಸಿರು ಪ್ಲಾಸ್ಟಿಕ್ ಕೊಡ ಇತ್ತು. ಮೇಲೆ ತಟ್ಟೆ, ತಟ್ಟೆಯ ಮೇಲೆ ಲೋಟ. ತಣ್ಣಗಿನ ನೀರು. ಬೇಸಿಗೆಯಲ್ಲಿ ಪಾರ್ಟಿಯವರು ಇಡುವ ಅರವಟ್ಟಿಗೆ ಇರಬೇಕು ಅಂದುಕೊಂಡಳು. ಇಲ್ಲವಾದರೆ ಸ್ವಲ್ಪ ಆಚೆ ಟೀ ಅಂಗಡಿ ಇಟ್ಟಿರುವ ಗಂಗರತ್ನಮ್ಮ ಇಟ್ಟಿರಬೇಕು. ಕುಡಿದಳು, ಮುಖಕ್ಕೆ ಹಾಕಿಕೊಂಡಳು, ತಿರುಗಿದಳು.

ಮುಂದಿನ ಕಲ್ಲಿಗೆ ಹೋದ ವಾರ ಅಲ್ಲೂ ಒಂದು ಕೊಡ ಇತ್ತು. 'ಪರವಾಗಿಲ್ಲ, ಈ ವರ್ಷ ತುಂಬ ಕಡೆ ಇಟ್ಟವ್ರೆ...' ಅಂದುಕೊಂಡಳೇ ಹೊರತು ಬೇರೇನೂ ಹೊಳೆಯಲಿಲ್ಲ.

*

"ಅತ್ತಿಗೆ, ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ," ಎಂದಳು ಕೋಮಲಾ. ಕೈ ಬೀನ್ಸ್ ಮುರಿಯುತ್ತಿತ್ತು, ಕಣ್ಣು ಮಾತ್ರ ಕದಿರಮ್ಮನ ಮುಖದ ಮೇಲಿತ್ತು. "ಆ ಹಾಲಿನ ಸೊಣ್ಣಪ್ಪನ್ನ ನೀವು ಏನಂತ ಕರೀತೀರಿ?"

"ಏನೂ ಕರಿಯಲ್ಲ."

"ಅದೇ ನಾನ್ ಹೇಳೋದು. ಕಂಡಕ್ಟರ್‌ನೂ ಅಣ್ಣ ಅಂತೀರಿ, ತರಕಾರಿಯೋನ್ನೂ ಅಣ್ಣ ಅಂತೀರಿ. ಅವ್ನನ್ನ ಒಂದಿನಾನೂ ಅಣ್ಣ ಅನ್ಲಿಲ್ಲ."

ಕದಿರಮ್ಮನ ಕಿವಿ ಬಿಸಿಯಾಯಿತು. ಅದು ನಿಜ. ಅವಳಿಗೇ ಈಗ ಗೊತ್ತಾದ ನಿಜ!

ಒಳಗಿನಿಂದ ರಾಜೇಶ್ ಬಂದ. "ಅವ್ನು ಟೀ ಅಂಗ್ಡೀಲಿ ಕೂತ್ಕೊಂಡು ವಿಚಾರಿಸ್ತಾನಂತೆ. ಅಕ್ಕ ಎಷ್ಟೊತ್ತಿಗೆ ಬರುತ್ತೆ, ಎಲ್ಲೀಗಂಟ ಹೋಗಿ ತಿರುಗುತ್ತೆ ಅಂತ. ಊರೆಲ್ಲ ಆಡ್ಕೊಂತಾವ್ರೆ. ಇನ್ನೊಂದ್ ಮಾತು ನನ್ ಕಿವಿಗೆ ಬಿದ್ರೆ ಈ ಓಟ ಗೀಟ ಎಲ್ಲ ನಿಲ್ಲಿಸ್ಬೇಕಾಗುತ್ತೆ, ನೋಡು."

ಕದಿರಮ್ಮ ರಾತ್ರಿ ಊಟ ಮಾಡಲಿಲ್ಲ. ಸೊಣ್ಣಪ್ಪನ ಮೇಲೆ ಸಿಟ್ಟು. ಎಷ್ಟು ವರ್ಷದ ಮೇಲೆ ತನಗೇ ಅಂತ ಒಂದು ಸಿಕ್ಕಿತ್ತು... ಅದನ್ನೂ ಇವನೊಬ್ಬ ಟೀ ಅಂಗಡಿಯ ಮಾತು ಮಾಡಿಬಿಟ್ಟ!

ಮರುದಿನ ಅವಳೇ ರಸ್ತೆ ಮಧ್ಯ ನಿಂತು ಟೆಂಪೋ ತಡೆದಳು.

"ನಾನೆಲ್ಲಿ ತಿರುಗ್ತೀನಿ ಅಂತ ವಿಚಾರಿಸ್ತಿದೀರಂತೆ? ನಿಜಾನಾ?"

ಅವನು ಎಂಜಿನ್ ಆರಿಸಿದ. "ಹೂಂ. ವಿಚಾರಿಸ್ದೆ."

"ನಾಚ್ಕೆ ಆಗಲ್ವಾ?"

"ಅದು ಹಂಗಲ್ಲ, ನಾನು..."

"ಹೆಂಗೂ ಬೇಡ! ನೀವು ಕೇಳಿ ಎದ್ದೋಗ್ತೀರಿ, ಓಟ ನಿಲ್ಲೋದು ನಂದು. ನಾಳೆಯಿಂದ ಈ ದಾರೀಲಿ ನಿಮ್ ಟೆಂಪೋ ಕಾಣಬಾರ್ದು!"

ಅವನು ಕೀಲಿಯ ಮೇಲೆ ಕೈ ಇಟ್ಟ.

"ಆಯ್ತು ಕದಿರಮ್ಮೋರೆ. ಕೆಲಮಂಗಲದ ದಾರೀಲಿ ಹೋಗ್ತೀನಿ. ನೀವು ಓಟ ಬಿಡಬೇಡಿ."

ಟೆಂಪೋ ಒಂದೇ ಸಲಕ್ಕೆ ಸ್ಟಾರ್ಟ್ ಆಗಲಿಲ್ಲ. ಇಳಿಜಾರಿನಲ್ಲಿ ಜಾರಿಸಿಕೊಂಡು ಹೋದ.

*

ಮರುದಿನ ಕಲ್ಲಿನ ಪಕ್ಕ ಕೊಡ ಇರಲಿಲ್ಲ. ಹಿಂದಿನ ಕಲ್ಲಿನ ಹತ್ತಿರವೂ ಇಲ್ಲ. ನಾಲಿಗೆ ಅಂಟಿಕೊಂಡಿತು. ಅರ್ಧ ದಾರಿ ನಡೆದೇ ಬಂದು ಗಂಗರತ್ನಮ್ಮನ ಅಂಗಡಿಯ ಬೆಂಚಿನ ಮೇಲೆ ಕುಸಿದಳು.

"ಇವತ್ತು ಕೊಡ ಇಡಲಿಲ್ವಾ ಗಂಗರತ್ನಮ್ಮ?"

"ನಾನಾ? ಎರಡು ದಿನಕ್ಕೊಂದ್ಸಲ ಬರೋ ನೀರು. ನಾನ್ಯಾಕೆ ರೋಡಿಗಿಡಲಿ?"

"ಹಂಗಾದ್ರೆ ಪಾರ್ಟಿಯೋರು ಇಟ್ಟಿದ್ದಾ?"

ಗಂಗರತ್ನಮ್ಮ ಸೌಟು ಕೆಳಗಿಟ್ಟಳು. "ನಿನ್ಗೇನ್ ಬುದ್ಧಿ ಐತೋ ಇಲ್ವೋ! ಲೀಡರ್ ಫೋಟೋ ಇಲ್ದೆ ಈ ಜಿಲ್ಲೇಲಿ ಯಾರಾದ್ರೂ ಒಂದ್ ಲೋಟ ನೀರು ಇಟ್ಟಿದ್ದು ನೋಡಿದೀಯಾ? ಬ್ಯಾನರ್ ಇತ್ತಾ ಅಲ್ಲಿ?"

ಇರಲಿಲ್ಲ.

"ಒಂದೇ ಕೊಡ ಕಣೆ ಅದು. ನೀನು ಮುಂದಿನ ಕಲ್ಲಿಗೆ ಹೋದಂಗೆಲ್ಲ ಅದೂ ಹೋಯ್ತು. ಸೊಣ್ಣಪ್ಪ ಹಾಲಿನ ಸೊಸೈಟಿ ನಲ್ಲೀಲಿ ತುಂಬಿಸ್ಕೊಂಡು ಬರೋನು. 'ಈ ವಾರ ಎಲ್ಲೀಗಂಟ ಓಡುತ್ತೆ, ಕೇಳಿ ಹೇಳಮ್ಮ, ಕೊಡ ಹಿಂದೆ ಉಳಿದ್ಬಿಟ್ರೆ ಕಷ್ಟ' ಅನ್ನೋನು. ನಿನ್ಗೆ ಹೇಳ್ಬೇಡ ಅಂದಿದ್ದ. ಹೇಳಿದ್ರೆ ಕುಡಿಯಲ್ಲ ಅಂತ."

ಕದಿರಮ್ಮನ ಮುಂದಿಟ್ಟ ಟೀ ಆರಿತು. ಅವನು ವಿಚಾರಿಸಿದ್ದು ತಾನು ಎಲ್ಲಿ ಬಾಯಾರುತ್ತೇನೆಂದು... ತಾನು ಕೇಳಿದ್ದು ನಾಚಿಕೆ ಆಗಲ್ವಾ ಎಂದು.

"ಈಗೆಲ್ಲಿರ್ತಾರೆ?"

"ಈ ಹೊತ್ಗೆ ಕೆಲಮಂಗಲದ ಹಾಲಿನ ಸೊಸೈಟೀಲಿ. ಯಾಕೆ?"

*

ಭಾನುವಾರ ಬೆಳಿಗ್ಗೆ ಅವಳು ಶೂ ಕಟ್ಟುತ್ತಿದ್ದಾಗ ರಾಜೇಶ್ ಬಾಗಿಲಲ್ಲಿ ನಿಂತಿದ್ದ.

"ಮತ್ತೆ ಹೊರಟ್ಯಾ? ಜನ ಏನಂತಾರೆ?"

"ಸೊಣ್ಣಪ್ಪನ್ನ ನೋಡೋಕೆ ಹೋದ್ಲು ಅಂತಾರೆ. ಹೌದು, ಅವರನ್ನ ನೋಡೋಕೇ ಹೋಗ್ತಿರೋದು. ಯಾರಾದ್ರೂ ಕೇಳಿದ್ರೆ ನೀನೇ ಹೇಳು, ಜನಕ್ಕೆ ವಿಚಾರಿಸೋ ಕಷ್ಟ ತಪ್ಪುತ್ತೆ."

"ಅಕ್ಕಾ..."

"ಓಟಾನೂ ನಿಲ್ಲಿಸಲ್ಲ ಕಣೋ."

ತಮ್ಮನಿಗೆ ಬಾಗಿಲಿನಿಂದ ಸರಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆದರೆ ಸರಿದ.

ಕೆಲಮಂಗಲದ ರಸ್ತೆ ಏರಿಳಿತದ್ದು. ಅಷ್ಟು ದೂರ ಅವಳು ಎಂದೂ ಓಡಿರಲಿಲ್ಲ. ಎರಡು ಕಡೆಯೂ ಟೊಮೇಟೊ ತೋಟ, ಎಲೆಕೋಸು ತುಂಬುತ್ತಿದ್ದ ಲಾರಿ. ಮೈಲಿಗಲ್ಲುಗಳು ಬಂದವು, ಹೋದವು. ಒಂದನ್ನೂ ಮುಟ್ಟಿ ಹಿಂದಿರುಗಲಿಲ್ಲ. ತೊಡೆ ನಡುಗಿತು. 'ಹಿಂದಕ್ಕೆ ಹೇಗೆ ಹೋಗುವುದು?' ಎಂಬ ಪ್ರಶ್ನೆ ಬಂತು. ಅದನ್ನು ಆಮೇಲೆ ನೋಡಿದರಾಯಿತು.

ಸೊಸೈಟಿಯ ಮುಂದೆ ಸೊಣ್ಣಪ್ಪ ಕ್ಯಾನು ಎತ್ತಿಡುತ್ತಿದ್ದ. ದೂರದಿಂದ ಓಡಿಬರುವವಳನ್ನು ಕಂಡು ಕೈ ಹಾಗೇ ನಿಂತಿತು.

ಅವಳು ಬಂದು ಟೆಂಪೋ ಹಿಡಿದುಕೊಂಡು ಬಗ್ಗಿದಳು.

"ಎಷ್ಟಾವೆ?" ಎಂದ ಅವನು, ಮೆಲ್ಲಗೆ.

ಅವಳಿಗೆ ನಗು ಬಂತು, ಅಳುವೂ ಬಂತು. ಎರಡಕ್ಕೂ ಉಸಿರಿರಲಿಲ್ಲ.

ಅವನು ಸೀಟಿನ ಹಿಂದಿನಿಂದ ಹಸಿರು ಕೊಡ ತೆಗೆದು ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟ. ಕೊಡ ತುಂಬಿತ್ತು.

"ಇಡೋದು ಬಿಟ್ಟ ಮೇಲೆ ಯಾಕೆ ತುಂಬಿಸ್ಕೊಂಡಿದೀರಿ?"

"ಅಭ್ಯಾಸ ಆಗ್ಬುಟ್ಟೈತೆ."

"ನಾನು ಅವತ್ತು ಬಾಯಿಗ್ ಬಂದಂಗೆ ಅಂದ್ಬುಟ್ಟೆ. ತಪ್ಪಾಯ್ತು."

"ನಂದೂ ತಪ್ಪೇ. ಕೇಳೋದಾದ್ರೆ ನಿಮ್ಮನ್ನೇ ಕೇಳ್ಬೇಕಿತ್ತು. ಅಂಗ್ಡೀಲಿ ಕೇಳ್ದೆ." ಅವನು ಕೊಳೆಯಿಲ್ಲದ ಕ್ಯಾನಿನ ಮುಚ್ಚಳವನ್ನೇ ಒರೆಸಿದ. "ಮೊದಲ್ನೇ ದಿನ ನಿಮ್ಮನ್ನ ಅಕ್ಕ ಅಂದಿದ್ದೆ. ಆಮೇಲೆ ಅನ್ನೋಕಾಗ್ಲಿಲ್ಲ. ಗಮನಿಸಿದ್ರಾ?"

"ನಾನು ಅಣ್ಣ ಅಂದಿದ್ದೇ ಇಲ್ಲ. ನೀವು ಗಮನಿಸಿದ್ರಾ?"

"ದಿನಾ ಭಯ ಇತ್ತು, ಇವತ್ತು ಅಂದ್ಬಿಡ್ತಾರೆ ಅಂತ."

ಸೊಸೈಟಿಯ ಕಿಟಕಿಯಲ್ಲಿ ಯಾರೋ ಇಣುಕಿದರು. ಕದಿರಮ್ಮ ನೋಡಿಯೂ ಟೆಂಪೋದಿಂದ ಕೈ ತೆಗೆಯಲಿಲ್ಲ.

"ಹತ್ತಿ, ಮನೆ ಹತ್ರ ಬಿಡ್ತೀನಿ. ಕಾಲು ನಡುಗ್ತಾವೆ."

"ಅರ್ಧ ದಾರಿಗಂಟ. ಉಳಿದಿದ್ದು ಓಡ್ತೀನಿ."

"ನಾಳೆ ಕೊಡ ಎಲ್ಲಿಡ್ಲಿ?"

"ನಾಳೆ ಮುಂದಿನ ಕಲ್ಲಿಗೆ. ಓಟದ ದಿನ ಕೃಷ್ಣಗಿರೀಲಿ."

"ಅಷ್ಟು ದೂರನಾ? ಅಲ್ಲಿಂದ ವಾಪಸ್ ಎಲ್ಲಿಗೆ ತರ್ಲಿ ಅದನ್ನ?"

ಅವಳು ಲೋಟ ಬರಿದು ಮಾಡಿ ಕೊಡದ ಮೇಲೆ ಬೋರಲು ಹಾಕಿದಳು.

"ನಿಮ್ ಮನೆಗೇ ತನ್ನಿ. ನಾನೂ ಜೊತೇಲೇ ಬತ್ತೀನಿ."